ಶಾಲಾ ಮನಃಶಾಸ್ತ್ರ ಕಲಿಯಲು ಯಾವ ದಾರಿ ಹಿಡಿಯಬೇಕು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷಗಳಿಂದ ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ಎಂಟರಿಂದ ಹತ್ತನೆಯ ತರಗತಿಯವರೆಗೆ 450ರಷ್ಟು ಮಕ್ಕಳಿದ್ದಾರೆ, ಅವರೆಲ್ಲರಿಗೂ ನಾನೊಬ್ಬಳೇ. ಮುಂದೆ ಏನು ಓದಬೇಕೆಂದು ತೀರ್ಮಾನಿಸಲಾಗದೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾಗಿದೆ, ದಯವಿಟ್ಟು ಓದಿ.

ಕಳೆದ ವರ್ಷ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಹೊಟ್ಟೆನೋವೆಂದು ಮೇಲಿಂದ ಮೇಲೆ ನನ್ನ ಕೋಣೆಗೆ ಬರತೊಡಗಿದಳು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಜಂತುಹುಳುವಿನ ಮಾತ್ರೆ ಕೊಡಿಸಿದ್ದಾಗಿತ್ತು, ಮನೆಯಲ್ಲಿ ದೃಷ್ಟಿ ತೆಗೆದದ್ದೂ ಆಗಿತ್ತು. ಆರನೆಯ ಸಲ ಬಂದಾಗ ನಾನು ದಾಖಲೆಯಲ್ಲಿ ಹಿಂದಿನ ದಿನಾಂಕಗಳನ್ನು ನೋಡಿದೆ. ಎಲ್ಲವೂ ಸೋಮವಾರಗಳು. ಸೋಮವಾರದ ಮೊದಲ ಪೀರಿಯಡ್ಡಿನಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದಬೇಕಾಗಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಷ್ಟೇ ಅಲ್ಲ, ಕನ್ನಡದಲ್ಲೂ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಿದ್ದಳು. ಎಂಟು ವರ್ಷ ಈ ಕಷ್ಟವನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟುಕೊಂಡು ಬಂದಿದ್ದ ಮಗು ಅದು.

ಎಂ.ಎಸ್ಸಿ.ಯಲ್ಲಿ ಕಲಿಕಾ ನ್ಯೂನತೆಯ ಬಗ್ಗೆ ಒಂದು ಅಧ್ಯಾಯವಿತ್ತು, ಪರೀಕ್ಷೆಯಲ್ಲಿ ಅದಕ್ಕೆ ಉತ್ತರವನ್ನೂ ಬರೆದಿದ್ದೆ. ಪ್ರಯೋಗಾಲಯದ ದಾಖಲೆ ಪುಸ್ತಕಕ್ಕಾಗಿ ಹಾಸ್ಟೆಲಿನ ಗೆಳತಿಯರನ್ನು ಕೂರಿಸಿಕೊಂಡು ಭಾಟಿಯಾ ಬ್ಯಾಟರಿ ಎಂಬ ಬುದ್ಧಿಪರೀಕ್ಷೆ ನಡೆಸಿದ್ದೆ. ಆದರೆ ಎದುರಿಗೆ ಕುಳಿತ ಮಗುವಿನದು ಕಲಿಕಾ ನ್ಯೂನತೆಯೇ, ಓದು ಸರಿಯಾಗಿ ಕಲಿಸದೇ ಹೋದದ್ದೇ, ಅಥವಾ ಭಯವೇ ಎಂದು ಬಿಡಿಸಿ ನೋಡುವುದು ಹೇಗೆಂದು ನನಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ನನ್ನ ಅನುಮಾನವನ್ನು ಹೇಳಿಕೊಳ್ಳಲು ಹಿರಿಯರೊಬ್ಬರು ಹತ್ತಿರದಲ್ಲಿರಲಿಲ್ಲ. ಅದೇ ತಿಂಗಳು ಮುಖ್ಯೋಪಾಧ್ಯಾಯರು ಆಪ್ತಸಮಾಲೋಚನೆಯ ರಿಜಿಸ್ಟರನ್ನು ಕಚೇರಿಯಲ್ಲಿ ಇಡುವಂತೆ ಹೇಳಿದರು. ಅದರಲ್ಲಿ ಮಕ್ಕಳು ನನ್ನನ್ನು ನಂಬಿ ಹೇಳಿದ ಮಾತುಗಳಿದ್ದವು.

ಈಗ ನನ್ನ ಮುಂದೆ ನಾಲ್ಕು ದಾರಿಗಳಿವೆ: ಕ್ಲಿನಿಕಲ್ ಸೈಕಾಲಜಿಯಲ್ಲಿ ಮುಂದಿನ ತರಬೇತಿ, ಮೈಸೂರಿನಲ್ಲಿ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಡಿಪ್ಲೊಮಾ, ಪಿಎಚ್.ಡಿ., ಇಲ್ಲವೇ ಸಾಲ ಮಾಡಿ ಅಮೆರಿಕಕ್ಕೆ ಹೋಗಿ ಶಾಲಾ ಮನಃಶಾಸ್ತ್ರವನ್ನೇ ಓದುವುದು. ಪಿಎಚ್.ಡಿ.ಗಾಗಿ ನಾನು ಭೇಟಿಯಾದ ಪ್ರಾಧ್ಯಾಪಕರೊಬ್ಬರು ಗ್ರಾಮೀಣ ಮತ್ತು ನಗರ ಪ್ರದೇಶದ ಪ್ರೌಢಶಾಲಾ ಮಕ್ಕಳ ಖಿನ್ನತೆಯ ತುಲನಾತ್ಮಕ ಅಧ್ಯಯನ ಮಾಡಿ, ಇನ್ನೂರು ಇನ್ನೂರು ಮಕ್ಕಳಿಗೆ ಪ್ರಶ್ನಾವಳಿ ಕೊಟ್ಟರೆ ಸಾಕು ಎಂದಿದ್ದಾರೆ. ಶಾಲೆಯಲ್ಲೇ ಉಳಿದು ಕೆಲಸ ಮಾಡಬೇಕೆಂಬುದು ನನ್ನ ಆಸೆ. ಅನುಭವವಿರುವವರು ದಾರಿ ತೋರಿಸಬೇಕಾಗಿ ವಿನಂತಿ.

ಸಂಪಿಗೆ (ಕ್ಲಿನಿಕಲ್ ಸೈಕಾಲಜಿಸ್ಟ್, ಬೆಂಗಳೂರು)

ಮೇಡಂ, ದಿನಾಂಕಗಳನ್ನು ಸಾಲಾಗಿ ಇಟ್ಟು ಸೋಮವಾರವನ್ನು ಕಂಡುಹಿಡಿದಿರಲ್ಲ, ಈ ವೃತ್ತಿಯ ಮುಖ್ಯ ಕೌಶಲವೇ ಅದು, ಮತ್ತು ಅದು ನಿಮಗೆ ಬಂದಿದೆ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1896ರಲ್ಲಿ ಲೈಟ್ನರ್ ವಿಟ್ಮರ್ ತೆರೆದ ಮೊದಲ ಮನಃಶಾಸ್ತ್ರ ಚಿಕಿತ್ಸಾಲಯಕ್ಕೆ ಬಂದ ಮೊದಲ ಮಗುವೂ ಕಾಗುಣಿತ ತಪ್ಪುವ ಒಬ್ಬ ಹುಡುಗನೇ, ಅವನನ್ನು ಕರೆತಂದದ್ದು ಅವನ ಶಿಕ್ಷಕಿ. ಆಸ್ಪತ್ರೆಯ ಮನಃಶಾಸ್ತ್ರ, ಶಾಲೆಯ ಮನಃಶಾಸ್ತ್ರ ಎಂದು ಇಂದು ನಾವು ಬೇರೆ ಮಾಡಿರುವ ಎರಡೂ ಹುಟ್ಟಿದ್ದು ಆ ಒಂದೇ ಕೋಣೆಯಲ್ಲಿ.

ಮೊದಲು ಕಾನೂನಿನ ಸ್ಥಿತಿಯನ್ನು ಹೇಳುತ್ತೇನೆ. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ಹೆಸರಿನಲ್ಲಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಶಾಲಾ ಮನಃಶಾಸ್ತ್ರಜ್ಞ ಎಂಬ ವರ್ಗ ಆ ನೋಂದಣಿ ಪುಸ್ತಕದಲ್ಲಿಲ್ಲ. 2021ರ ಸಂಯೋಜಿತ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಇತರ ಮನಃಶಾಸ್ತ್ರಜ್ಞರನ್ನೂ ಆಪ್ತಸಮಾಲೋಚಕರನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಇದರ ಒಂದು ಪರಿಣಾಮವಾಗಿ 2025ರ ಜುಲೈ–ಆಗಸ್ಟ್ ಅವಧಿಯಿಂದ ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಿ ಕಲಿಸುವುದನ್ನು ಯುಜಿಸಿ ನಿಲ್ಲಿಸಿತು. ಆದ್ದರಿಂದ ಮನೆಯಲ್ಲೇ ಕುಳಿತು ಇನ್ನೊಂದು ಪದವಿ ಪಡೆಯಬಹುದೆಂಬ ಜಾಹೀರಾತುಗಳಿಗೆ ದಯವಿಟ್ಟು ಹಣ ಕಟ್ಟಬೇಡಿ.

ಕ್ಲಿನಿಕಲ್ ಸೈಕಾಲಜಿಯ ಎಂ.ಫಿಲ್. ಎರಡು ವರ್ಷಗಳ ಪೂರ್ಣಾವಧಿಯ, ಆಸ್ಪತ್ರೆಯಲ್ಲೇ ನಡೆಯುವ ತರಬೇತಿ. ನಿಮ್ಹಾನ್ಸ್‌ನಲ್ಲಿ ಇದರ ಹಿಂದಿನ ರೂಪವಾದ ಡಿಪ್ಲೊಮಾ 1955ರಲ್ಲೇ ಆರಂಭವಾಗಿತ್ತು. ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಾಗ ಕ್ಲಿನಿಕಲ್ ಸೈಕಾಲಜಿಗೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ಮಾತ್ರ 2025–26ರ ಪ್ರವೇಶದವರೆಗೆ ವಿನಾಯಿತಿ ಸಿಕ್ಕಿತು. ಈಗ ಹೊಸ ಪದವಿಗಳು ಬರುತ್ತಿರುವ ಹೊತ್ತು, ಆದ್ದರಿಂದ ಅರ್ಜಿ ಹಾಕುವ ಮೊದಲು ಆಯಾ ವರ್ಷದ ಅಧಿಸೂಚನೆಯನ್ನು ಪರಿಷತ್ತಿನ ಜಾಲತಾಣದಲ್ಲೇ ಓದಿಕೊಳ್ಳಿ, ಕೋಚಿಂಗ್ ಕೇಂದ್ರದವರು ಹೇಳಿದ್ದನ್ನು ನಂಬಬೇಡಿ.

ಆ ತರಬೇತಿಯಿಂದ ನನಗೆ ದಕ್ಕಿದ್ದೇನೆಂದು ಕೇಳಿದರೆ, ಪರೀಕ್ಷಾ ಸಾಧನಗಳ ಜ್ಞಾನಕ್ಕಿಂತ ಮೊದಲು ಸೂಪರ್‌ವಿಷನ್ ಎಂದೇ ಹೇಳುತ್ತೇನೆ. ಒಂದು ಮಗುವಿನೊಡನೆ ಒಂದು ಗಂಟೆ ಮಾತನಾಡಿ ಬಂದ ಮೇಲೆ, ನಾನು ಏನು ಕೇಳಿದೆ, ಏನನ್ನು ಕೇಳದೇ ಬಿಟ್ಟೆ, ಮಗು ಸುಮ್ಮನಾದಾಗ ನಾನೇಕೆ ಗಾಬರಿಯಿಂದ ಮಾತು ಬದಲಿಸಿದೆ ಎಂಬುದನ್ನು ಹಿರಿಯರ ಮುಂದೆ ಬಿಡಿಸಿ ಇಡಬೇಕಾಗಿತ್ತು. ಎರಡು ವರ್ಷ ವಾರವಾರವೂ ಇದು ನಡೆದಾಗ ಕೇಳುವ ಕಿವಿಯೇ ಬೇರೆಯಾಗುತ್ತದೆ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ತಾಗಿದ್ದು ಪದವಿಯ ಗೊಂದಲವಲ್ಲ, ಅನುಮಾನ ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ ಎಂಬ ವಾಕ್ಯ. ನೀವು ಯಾವ ದಾರಿ ಹಿಡಿದರೂ, ಸೇರುವ ಮೊದಲು ಅಲ್ಲಿನ ವಿದ್ಯಾರ್ಥಿಗಳಲ್ಲಿ ಒಂದೇ ಪ್ರಶ್ನೆ ಕೇಳಿ: ನಿಮ್ಮ ಕೇಸುಗಳನ್ನು ಯಾರು ಕೇಳುತ್ತಾರೆ, ವಾರಕ್ಕೆ ಎಷ್ಟು ಹೊತ್ತು ಕೇಳುತ್ತಾರೆ? ಉತ್ತರ ತಡವಾದರೆ ಆ ಸಂಸ್ಥೆಯನ್ನು ಬಿಟ್ಟುಬಿಡಿ.

ಆದರೆ ಆಸ್ಪತ್ರೆಯ ತರಬೇತಿಗೆ ಒಂದು ಮಿತಿಯಿದೆ, ಅದನ್ನು ಮುಚ್ಚಿಡಲಾರೆ. ನಮ್ಮ ಬಳಿಗೆ ಬರುವ ಮಗು ಆಗಲೇ ಬಹಳ ದೂರ ನಡೆದು ಬಂದಿರುತ್ತದೆ. ತರಗತಿಯಲ್ಲಿ ಓದಿಸುವ ರೀತಿ ಬದಲಾದರೆ ಹೊಟ್ಟೆನೋವು ನಿಲ್ಲಬಹುದೆಂದು ತರಗತಿಯನ್ನೇ ನೋಡಿ ತಿಳಿಯುವ ಅವಕಾಶ ನಮಗೆ ಕಡಿಮೆ. ಎನ್‌ಸಿಇಆರ್‌ಟಿಯ ಡಿಪ್ಲೊಮಾ ಈ ದೃಷ್ಟಿಯಿಂದ ಬೇರೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಅದನ್ನು ನಡೆಸುತ್ತಾರೆ. ಒಂದು ವರ್ಷದ ಆ ಕೋರ್ಸಿನ ಅರ್ಧಭಾಗ ಮನೆಯಲ್ಲಿದ್ದು ಓದುವುದು, ಮೂರು ತಿಂಗಳು ಸಂಸ್ಥೆಯಲ್ಲಿ ಮುಖಾಮುಖಿ ತರಬೇತಿ, ಕೊನೆಯ ಮೂರು ತಿಂಗಳು ತಮ್ಮ ಊರಿನಲ್ಲೇ ಇಂಟರ್ನ್‌ಶಿಪ್. ಕೆಲಸದಲ್ಲಿರುವ ಶಿಕ್ಷಕರನ್ನೂ ಗಮನದಲ್ಲಿಟ್ಟು ರೂಪಿಸಿದ್ದಾದ್ದರಿಂದ ಅದರ ಬೇರು ಶಾಲೆಯಲ್ಲಿದೆ. ಆದರೆ ಅದರಿಂದ ರೋಗನಿರ್ಣಯ ಮಾಡುವ ಅಧಿಕಾರ ಬರುವುದಿಲ್ಲ.

ಇನ್ನೊಂದು ವಿಷಯ. ವಿಶಾಖಪಟ್ಟಣದಲ್ಲಿ ನೀಟ್ ತಯಾರಿಯಲ್ಲಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಜುಲೈ 25ರಂದು 15 ಮಾರ್ಗಸೂಚಿಗಳನ್ನು ನೀಡಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಕನಿಷ್ಠ ಒಬ್ಬ ಆಪ್ತಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತ ಇರಬೇಕೆಂದೂ, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಔಪಚಾರಿಕ ಸಂಪರ್ಕ ಇಟ್ಟುಕೊಳ್ಳಬೇಕೆಂದೂ ಅದು ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು, ಅವುಗಳಲ್ಲಿ 2,248 ಪ್ರಕರಣಗಳಿಗೆ ಪರೀಕ್ಷೆಯಲ್ಲಿ ಅನುತ್ತೀರ್ಣರಾದದ್ದು ಕಾರಣವೆಂದು ದಾಖಲಾಗಿದೆ. ಇಂಥ ಸ್ಥಿತಿಯಲ್ಲಿ ಹುದ್ದೆಗಳು ಬರಬಹುದು. ಅವುಗಳಲ್ಲಿ ಕೂರುವವರಿಗೆ ತರಬೇತಿ ಎಲ್ಲಿ ಸಿಗಬೇಕೆಂಬ ನಿಮ್ಮ ಪ್ರಶ್ನೆ ನಿಮ್ಮೊಬ್ಬರದಾಗಿ ಉಳಿಯುವುದಿಲ್ಲ.

ಹಳೆಯ ಹೆಡ್ ಮಾಸ್ಟರ್ (ನಿವೃತ್ತ ಮುಖ್ಯೋಪಾಧ್ಯಾಯ, ತುಮಕೂರು ಜಿಲ್ಲೆ)

ಅಮ್ಮಾ, ನೀವು ನನ್ನ ಮಗಳ ವಯಸ್ಸಿನವರು. ಪದವಿಗಳ ವಿಷಯ ನನಗೆ ತಿಳಿಯದು. ರಿಜಿಸ್ಟರಿನ ವಿಷಯದಲ್ಲಿ ಮಾತ್ರ ಎರಡು ಮಾತು ಹೇಳಬೇಕೆನಿಸಿತು, ಏಕೆಂದರೆ ಮೂವತ್ತು ವರ್ಷಗಳ ಸೇವೆಯಲ್ಲಿ ಆ ಮೇಜಿನ ಆಚೆ ಬದಿಯಲ್ಲಿ ಕುಳಿತಿದ್ದವನು ನಾನು.

ಶಾಲೆಯಲ್ಲಿ ಎಲ್ಲಕ್ಕೂ ರಿಜಿಸ್ಟರ್ ಇದೆ. ಹಾಜರಿಗೆ, ಬಿಸಿಯೂಟಕ್ಕೆ, ಹಾಲಿನ ಪುಡಿಗೆ, ಎಸ್‌ಡಿಎಂಸಿ ಸಭೆಗೆ. ತಪಾಸಣೆಗೆ ಬಂದ ಅಧಿಕಾರಿ ಕೇಳಿದರೆ ತೋರಿಸಬೇಕಾದವರು ಮುಖ್ಯೋಪಾಧ್ಯಾಯರು. ಆ ಭಯದಿಂದಲೇ ಅವರು ನಿಮ್ಮ ಪುಸ್ತಕವನ್ನೂ ಕೇಳಿರಬಹುದು, ಮಕ್ಕಳ ಗುಟ್ಟು ತಿಳಿಯುವ ಆಸೆಯಿಂದ ಅಲ್ಲ. ನನ್ನ ಶಾಲೆಗೆ ಬರುತ್ತಿದ್ದ ಒಬ್ಬ ಆಪ್ತಸಮಾಲೋಚಕಿ ಒಂದು ಉಪಾಯ ಮಾಡಿದ್ದರು. ದಿನಾಂಕ, ತರಗತಿ, ಭೇಟಿಯ ಅವಧಿ ಇಷ್ಟನ್ನೇ ಬರೆದ ಪುಸ್ತಕ ಕಚೇರಿಯಲ್ಲಿ ಇರುತ್ತಿತ್ತು. ಮಕ್ಕಳ ಮಾತಿನ ಟಿಪ್ಪಣಿ ಬೇರೆ ಕಡತದಲ್ಲಿ, ಹೆಸರಿನ ಬದಲು ಸಂಖ್ಯೆಯೊಡನೆ, ಬೀಗ ಹಾಕಿದ ಬೀರುವಿನಲ್ಲಿ. ಬೀಗದ ಕೈ ಅವರ ಬಳಿಯೇ. ಮೊದಲ ವಾರ ನನಗೂ ಅದು ಸರಿಬರಲಿಲ್ಲ, ಒಪ್ಪಿಕೊಳ್ಳುತ್ತೇನೆ. ವರ್ಷದ ಕೊನೆಗೆ ಅವರ ಕೋಣೆಗೆ ತಾವಾಗಿಯೇ ಹೋಗುವ ಮಕ್ಕಳ ಸಂಖ್ಯೆ ನೋಡಿದ ಮೇಲೆ ನಾನು ಆ ಪುಸ್ತಕ ಕೇಳುವುದನ್ನೇ ಬಿಟ್ಟೆ.

ಆದರೆ ಗುಟ್ಟಿಗೆ ಒಂದು ಎಲ್ಲೆಯಿದೆ, ಅದನ್ನು ಅವರು ಜೂನ್ ತಿಂಗಳಲ್ಲೇ ಪ್ರತಿ ತರಗತಿಗೂ ಹೋಗಿ ಮಕ್ಕಳಿಗೆ ಬಾಯಿಬಿಟ್ಟು ಹೇಳುತ್ತಿದ್ದರು. ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆಯಿದೆ. ಪ್ರಾಣಕ್ಕೆ ಅಪಾಯವಿದ್ದರೆ ಮನೆಯವರಿಗೆ ಹೇಳಲೇಬೇಕು. ಇದನ್ನು ಮೊದಲೇ ಹೇಳಿದರೆ ಮಕ್ಕಳು ಬಾಯಿಬಿಡುವುದಿಲ್ಲವೇನೋ ಎಂದು ನಾನು ಅಂಜಿದ್ದೆ. ಹಾಗೇನೂ ಆಗಲಿಲ್ಲ.

ಗಟ್ಟಿಯಾಗಿ ಓದಿಸುವ ಆ ಶಿಕ್ಷಕರೊಡನೆ ಮಾತನಾಡುವಾಗ ತಪ್ಪು ಹುಡುಕಲು ಬಂದವರಂತೆ ಹೋಗಬೇಡಿ. ಒಂದು ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲು ಅನುಮತಿ ಕೇಳಿ. ತನ್ನ ತರಗತಿಗೆ ಬಂದು ಕುಳಿತವರ ಮಾತನ್ನು ಮೇಷ್ಟ್ರು ಕೇಳುತ್ತಾನೆ.

ತುಂಗಾತೀರ

ಸಂಪಿಗೆ ಮೇಡಂ, ಸರ್, ಇಬ್ಬರಿಗೂ ಕೃತಜ್ಞತೆಗಳು. ಎರಡು ಪುಸ್ತಕಗಳ ವ್ಯವಸ್ಥೆಯನ್ನು ನಾಳೆಯೇ ಮುಖ್ಯೋಪಾಧ್ಯಾಯರ ಮುಂದೆ ಇಡುತ್ತೇನೆ. ಸಂಶೋಧನೆಯ ವಿಷಯದಲ್ಲಿ ಇನ್ನೂ ಗೊಂದಲವಿದೆ. ನಾನೊಬ್ಬಳು 450 ಮಕ್ಕಳನ್ನು ನೋಡಿ ಏನಾಗಬೇಕು, ಸಂಶೋಧನೆ ಮಾಡಿದರೆ ಇನ್ನಷ್ಟು ಶಾಲೆಗಳಿಗೆ ಉಪಯೋಗವಾದೀತಲ್ಲ ಎಂಬ ಯೋಚನೆಯಿಂದ ಪಿಎಚ್.ಡಿ. ಬಯಸಿದ್ದು. ಆದರೆ ಪ್ರಶ್ನಾವಳಿ ತುಂಬಿಸಿಕೊಂಡು ಬಂದರೆ ಆ ಸೋಮವಾರದ ಹುಡುಗಿಗೆ ಅದರಿಂದ ಏನು ಸಿಗುತ್ತದೆಂದು ಹೊಳೆಯುತ್ತಿಲ್ಲ.

ಧಾರವಾಡದವ (ಸಂಶೋಧಕ, ವಿಶ್ವವಿದ್ಯಾಲಯದ ಅಧ್ಯಾಪಕ)

ನಿಮ್ಮ ಕೊನೆಯ ವಾಕ್ಯವನ್ನು ಪಿಎಚ್.ಡಿ. ಮುಗಿಯುವವರೆಗೂ ಮೇಜಿನ ಮೇಲೆ ಬರೆದಿಟ್ಟುಕೊಳ್ಳಿ. ಯಾವ ವಿಷಯವನ್ನು ಆಯ್ದುಕೊಂಡರೂ ಆ ಪ್ರಶ್ನೆಯ ಮುಂದೆ ಅದನ್ನು ನಿಲ್ಲಿಸಿ ನೋಡಿ.

ಗ್ರಾಮೀಣ ಮತ್ತು ನಗರದ ಮಕ್ಕಳ ತುಲನೆ ಬೇಡವೆಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಬೆಂಗಳೂರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮನೆಮನೆಗೆ ಹೋಗಿ ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ, 16 ವರ್ಷದೊಳಗಿನ ಮಕ್ಕಳಲ್ಲಿ ಶೇ 12.5ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆಯಿತ್ತು. ನಗರದ ಮಧ್ಯಮ ವರ್ಗ, ಕೊಳೆಗೇರಿ, ಹಳ್ಳಿ ಈ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3 ಎಂಬ ಅಂಕಿ ಕೊಟ್ಟಿತು. ಅಧ್ಯಯನ ನಡೆಸಿದ್ದು ಬೆಂಗಳೂರಿನ ಸಂಸ್ಥೆಯಾದರೂ ಆಯ್ದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಹಾಗೆಂದು ಇನ್ನೂರು ಇನ್ನೂರು ಮಕ್ಕಳ ಪ್ರಶ್ನಾವಳಿ ಆ ಕೊರತೆಯನ್ನು ತುಂಬಲಾರದು. ಒಂದೇ ಶಾಲೆಯ ಮಕ್ಕಳು ಒಂದೇ ಗಾಳಿಯಲ್ಲಿ ಬದುಕುವವರು, ಅದೇ ಮೇಷ್ಟ್ರು, ಅದೇ ಬೆತ್ತ, ಅದೇ ಬಸ್ಸು. ಎರಡು ಶಾಲೆಗಳಿಂದ ನಾನೂರು ಮಕ್ಕಳನ್ನು ತಂದರೆ ಲೆಕ್ಕಶಾಸ್ತ್ರದ ಕಣ್ಣಿಗೆ ನೀವು ನೋಡಿದ್ದು ನಾನೂರು ಮಕ್ಕಳಿಗಿಂತ ಎರಡು ಶಾಲೆಗಳಿಗೇ ಹತ್ತಿರ.

ಶಾಲೆಯನ್ನೇ ಘಟಕವಾಗಿಟ್ಟುಕೊಂಡು ಮಾಡಿದ ಕೆಲಸದ ಒಳ್ಳೆಯ ಉದಾಹರಣೆ ಬಿಹಾರದ ನಳಂದಾ ಜಿಲ್ಲೆಯಲ್ಲಿದೆ. 1996ರಲ್ಲಿ ಗೋವಾದಲ್ಲಿ ಹುಟ್ಟಿದ ಸಂಗಾತ್ ಸಂಸ್ಥೆಯವರು ಅಲ್ಲಿನ 75 ಸರ್ಕಾರಿ ಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದರಲ್ಲಿ ಶಾಲೆಯ ವಾತಾವರಣವನ್ನು ಸುಧಾರಿಸುವ ಕಾರ್ಯಕ್ರಮವನ್ನು ತರಬೇತಿ ಪಡೆದ ಸ್ಥಳೀಯ ಆಪ್ತಸಮಾಲೋಚಕರು ನಡೆಸಿದರು, ಇನ್ನೊಂದರಲ್ಲಿ ಅದೇ ಕಾರ್ಯಕ್ರಮವನ್ನು ಶಿಕ್ಷಕರೇ ನಡೆಸಿದರು, ಮೂರನೆಯದರಲ್ಲಿ ಎಂದಿನ ಪಾಠ ಮಾತ್ರ. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಗುಂಪಿನಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣಗಳೂ ಪೀಡನೆಯೂ ಕಡಿಮೆಯಾದವು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಶಿಕ್ಷಕರಿಗೆ ಎರಡು ದಿನದ ತರಬೇತಿ ಕೊಟ್ಟರೆ ಅವರೇ ಆಪ್ತಸಮಾಲೋಚಕರಾಗುತ್ತಾರೆ ಎಂದು ಪ್ರತಿ ಸಭೆಯಲ್ಲೂ ಕೇಳಿಬರುವ ಮಾತಿಗೆ ಇದೊಂದು ಗಂಭೀರ ಉತ್ತರ. ಆ ಕೆಲಸಕ್ಕೆಂದೇ ಶಾಲೆಯಲ್ಲಿ ಒಬ್ಬ ಮನುಷ್ಯ ಬೇಕು, ನಿಮ್ಮಂಥವರು.

ಅಷ್ಟು ದೊಡ್ಡ ಪ್ರಯೋಗ ಒಬ್ಬ ಪಿಎಚ್.ಡಿ. ವಿದ್ಯಾರ್ಥಿನಿಯಿಂದ ಆಗದು. ಆದರೆ ನಿಮ್ಮಿಂದಲೇ ಆಗಬಹುದಾದ, ದೊಡ್ಡ ತಂಡಗಳು ಅವಸರದಲ್ಲಿ ದಾಟಿ ಹೋಗುವ ಒಂದು ಕೆಲಸವಿದೆ. ಅದು ಕನ್ನಡದ ಕೆಲಸ. ಖಿನ್ನತೆಯ ಪ್ರಶ್ನೆಯೊಂದನ್ನು ಇಂಗ್ಲಿಷಿನಿಂದ ತರುವಾಗ "ಬೇಸರ" ಎಂಬ ಪದ ಸುಲಭವಾಗಿ ಕೈಗೆ ಸಿಗುತ್ತದೆ. ಆದರೆ ನಮ್ಮಲ್ಲಿ ಸಿನಿಮಾ ಚೆನ್ನಾಗಿಲ್ಲದಿದ್ದರೂ ಬೇಸರ, ಅಜ್ಜಿ ತೀರಿಕೊಂಡರೂ ಬೇಸರ. ಹದಿನಾಲ್ಕು ವರ್ಷದ ಹುಡುಗ "ಬೇಸರವಾಗುತ್ತದೆ" ಎಂಬುದಕ್ಕೆ ಗುರುತು ಹಾಕಿದಾಗ ಅವನು ಹೇಳಿದ್ದು ಯಾವುದನ್ನು? ನಮ್ಮ ಕಡೆಯ ಮಕ್ಕಳು "ತ್ರಾಸ ಆಗತೈತ್ರಿ" ಅನ್ನುತ್ತಾರೆ, ಅದರಲ್ಲಿ ಮೈಯ ನೋವೂ ಮನಸ್ಸಿನ ನೋವೂ ಸೇರಿದೆ. ಕರಾವಳಿಯವರು "ಮಂಡೆಬಿಸಿ" ಅನ್ನುತ್ತಾರೆ, ಅದರಲ್ಲಿ ಚಿಂತೆಯೂ ಸಿಟ್ಟೂ ಇದೆ. ಮಲೆನಾಡಿನ ಮಕ್ಕಳು ಏನನ್ನುತ್ತಾರೆಂದು ನೀವೇ ಹೇಳಬೇಕು. ಒಂದೊಂದು ಪ್ರಶ್ನೆಯನ್ನೂ ಮಗುವಿಗೆ ಓದಿ ಹೇಳಿ, ಇದರಿಂದ ನಿನಗೆ ಏನು ಅರ್ಥವಾಯಿತು, ಹೀಗೆ ಯಾವಾಗ ಆಗಿತ್ತು ಎಂದು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ನಾನೂರು ಮಕ್ಕಳು ಬೇಡ, ನಲವತ್ತು ಮಕ್ಕಳೊಡನೆ ಸಮಯವಿದ್ದರೆ ಸಾಕು. ನಂತರವಷ್ಟೇ ಅಂಕಿಗಳ ಕೆಲಸ.

ಇದಕ್ಕೆ ನಮ್ಮಲ್ಲೇ ಹಿರಿಯ ಪರಂಪರೆಯಿದೆ. ವಿ.ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ ಹತ್ತು ವರ್ಷಗಳಲ್ಲೇ ಬಂದ ಕೆಲಸ ಅದು. ಬಿನೆ–ಕಾಮತ್ ಪರೀಕ್ಷೆಯನ್ನು ಇಂದಿಗೂ ದೇಶದಲ್ಲಿ ಬಳಸುತ್ತಾರೆ. ಕಾಮತರ ಕಾಲದ ಮಗುವಿಗೆ ಹೊಂದಿಸಿದ ಅಳತೆಗೋಲನ್ನು ಮೊಬೈಲು ಹಿಡಿದು ಬೆಳೆದ ಮಗುವಿಗೆ ಇಡುತ್ತಿದ್ದೇವೆಂಬುದು ಅವರ ತಪ್ಪಲ್ಲ, ಅವರ ನಂತರ ಬಂದ ನಮ್ಮದು. ಓದಿನ ವಿಷಯಕ್ಕೆ ಬಂದರೆ, ಕನ್ನಡದ ಅಕ್ಷರಗಳನ್ನು ಕಲಿಯಲು ಮಕ್ಕಳಿಗೆ ಇಂಗ್ಲಿಷಿನ ಇಪ್ಪತ್ತಾರಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ನಾಲ್ಕನೆಯ ತರಗತಿಯವರೆಗೂ ಆ ಕಲಿಕೆ ಮುಂದುವರಿಯುತ್ತದೆಂದು ಸೊನಾಲಿ ನಾಗ್ ಅವರು 2007ರಲ್ಲಿ ತೋರಿಸಿದ್ದಾರೆ. ಒತ್ತಕ್ಷರದಲ್ಲಿ ತಡವರಿಸುವ ಒಂಬತ್ತನೆಯ ತರಗತಿಯ ನಿಮ್ಮ ಹುಡುಗಿಯನ್ನು ಅರ್ಥಮಾಡಿಕೊಳ್ಳಲು ಡಿಸ್ಲೆಕ್ಸಿಯಾ (ಓದಿನ ನ್ಯೂನತೆ) ಬಗೆಗಿನ ಇಂಗ್ಲಿಷ್ ಪುಸ್ತಕಕ್ಕಿಂತ ಇಂಥ ಅಧ್ಯಯನಗಳು ಹತ್ತಿರದವು.

ನೀತಿಸಂಹಿತೆಯ ಬಗ್ಗೆ ಒಂದು ಮಾತು. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ತಂದೆತಾಯಿಯ ಒಪ್ಪಿಗೆಯೊಡನೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, 12ರಿಂದ 18 ವರ್ಷದವರ ಲಿಖಿತ ಸಮ್ಮತಿ ಬೇಕು. ಬಹಳ ಪ್ರಬಂಧಗಳಲ್ಲಿ ಮುಖ್ಯೋಪಾಧ್ಯಾಯರ ಸಹಿಯೊಂದೇ ಇರುತ್ತದೆ. ಸಾಯುವ ಯೋಚನೆಯ ಬಗ್ಗೆ ಪ್ರಶ್ನೆಯಿರುವ ಹಾಳೆಯನ್ನು ಹಂಚಿದ ದಿನವೇ, ಮಕ್ಕಳು ಮನೆಗೆ ಹೋಗುವ ಮೊದಲೇ, ಆ ಒಂದು ಪ್ರಶ್ನೆಯ ಉತ್ತರವನ್ನು ಓದಿ ಮುಗಿಸಿರಬೇಕು. ಆಮೇಲೆ ಕಂಪ್ಯೂಟರಿಗೆ ಏರಿಸುವಾಗ ನೋಡುತ್ತೇನೆ ಎನ್ನುವವರು ಆ ಹಾಳೆಯನ್ನು ಹಂಚಲೇಬಾರದು.

ಕಡಲಾಚೆಯ ಕನ್ನಡಿಗ (ಸ್ಕೂಲ್ ಸೈಕಾಲಜಿಸ್ಟ್, ಅಮೆರಿಕ)

ಅಮೆರಿಕದ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ದಾವಣಗೆರೆಯಲ್ಲಿ ಓದಿ, ಇಲ್ಲಿಗೆ ಬಂದು ಸ್ಪೆಷಲಿಸ್ಟ್ ಪದವಿ (ಸ್ನಾತಕೋತ್ತರ ಪದವಿಗೂ ಪಿಎಚ್.ಡಿ.ಗೂ ನಡುವಿನದು) ಮಾಡಿ, ಹಲವು ವರ್ಷಗಳಿಂದ ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದೇನೆ.

ಇಲ್ಲಿ ಶಾಲಾ ಮನಃಶಾಸ್ತ್ರ ಪ್ರತ್ಯೇಕ ವೃತ್ತಿ, ಆ ಹುದ್ದೆಯ ಹೆಸರು ಕನೆಕ್ಟಿಕಟ್‌ನಲ್ಲಿ ಆರ್ನಾಲ್ಡ್ ಗೆಸೆಲ್ ಅವರಿಗೆ 1915ರಲ್ಲೇ ಸಿಕ್ಕಿತ್ತು. ರಾಷ್ಟ್ರೀಯ ಶಾಲಾ ಮನಃಶಾಸ್ತ್ರಜ್ಞರ ಸಂಘದ ಮಾನದಂಡದ ಪ್ರಕಾರ ಸ್ಪೆಷಲಿಸ್ಟ್ ಹಂತಕ್ಕೆ ಕನಿಷ್ಠ 60 ಕ್ರೆಡಿಟ್‌ಗಳ ಓದೂ 1,200 ಗಂಟೆಗಳ ಇಂಟರ್ನ್‌ಶಿಪ್ಪೂ ಬೇಕು, ಅದರಲ್ಲಿ 600 ಗಂಟೆಗಳು ಶಾಲೆಯಲ್ಲೇ ಕಳೆಯಬೇಕು. ಸಾಮಾನ್ಯವಾಗಿ ಎರಡು ವರ್ಷ ಪಾಠ, ಮೂರನೆಯ ವರ್ಷ ಪೂರ್ತಿ ಶಾಲೆ. ಪಿಎಚ್.ಡಿ. ಇನ್ನೂ ದೀರ್ಘ, ಆದರೆ ಶಾಲೆಯಲ್ಲಿ ಕೆಲಸ ಮಾಡಲು ಅದು ಕಡ್ಡಾಯವಲ್ಲ. ಪಿಎಚ್.ಡಿ.ಗೆ ವಿಶ್ವವಿದ್ಯಾಲಯದ ಹಣಕಾಸಿನ ನೆರವು ಸಿಗುವ ಸಾಧ್ಯತೆ ಹೆಚ್ಚು, ಸ್ಪೆಷಲಿಸ್ಟ್ ಪದವಿಗೆ ಕಡಿಮೆ. ಸಾಲ ಮಾಡುವ ಮೊದಲು ಇದನ್ನು ಯೋಚಿಸಿ.

ನನ್ನ ಬದುಕನ್ನು ಬದಲಿಸಿದ್ದು ಆ ಮೂರನೆಯ ವರ್ಷ, ಅದರಲ್ಲೂ ಸಂಪಿಗೆ ಮೇಡಂ ಹೇಳಿದ ಅದೇ ಸೂಪರ್‌ವಿಷನ್. ಉಳಿದ ವಿಷಯದಲ್ಲಿ ದೂರದ ಬೆಟ್ಟ ನುಣ್ಣಗೆ ಕಾಣುವುದು ಸಹಜ. ವಿಕಲತೆಯುಳ್ಳ ಮಕ್ಕಳ ಶಿಕ್ಷಣಕ್ಕಾಗಿ 1975ರಲ್ಲಿ ಬಂದ ಕಾನೂನಿನ ನಂತರ ಇಲ್ಲಿನ ಶಾಲಾ ಮನಃಶಾಸ್ತ್ರಜ್ಞರ ಬಹುಪಾಲು ಸಮಯ ಮೌಲ್ಯಮಾಪನಕ್ಕೇ ಹೋಗುತ್ತದೆ. ತಂದೆತಾಯಿ ಒಪ್ಪಿಗೆಯ ಸಹಿ ಹಾಕಿದ ದಿನದಿಂದ 60 ದಿನಗಳಲ್ಲಿ, ಅಥವಾ ಆ ರಾಜ್ಯ ನಿಗದಿಪಡಿಸಿದ ಗಡುವಿನೊಳಗೆ, ಮೌಲ್ಯಮಾಪನ ಮುಗಿಯಬೇಕು. 500 ಮಕ್ಕಳಿಗೆ ಒಬ್ಬರು ಇರಬೇಕೆಂಬುದು ಸಂಘದ ಶಿಫಾರಸು, ದೇಶದ ಸರಾಸರಿ ಸಾವಿರಕ್ಕೂ ಮೀರಿದೆ. ಮಗುವಿನೊಡನೆ ಸುಮ್ಮನೆ ಕುಳಿತು ಮಾತನಾಡಲು ನೀವು ಅಲ್ಲಿ ಪಡೆಯುವಷ್ಟು ಸಮಯ ನನಗೆ ಇಲ್ಲಿ ಸಿಗುವುದಿಲ್ಲ.

ಧಾರವಾಡದ ಸರ್ ಭಾಷೆಯ ಬಗ್ಗೆ ಬರೆದದ್ದಕ್ಕೆ ಒಂದು ಘಟನೆಯನ್ನು ಸೇರಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮಾತಾಡುವ ಮೆಕ್ಸಿಕನ್ ಮೂಲದ ಒಂಬತ್ತು ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿಪರೀಕ್ಷೆ ಮಾಡಿ ಬುದ್ಧಿಮಾಂದ್ಯರ ತರಗತಿಯಲ್ಲಿ ಕೂರಿಸಿದ್ದರು. ಅವರದೇ ಭಾಷೆಯಲ್ಲಿ ಮತ್ತೆ ಪರೀಕ್ಷಿಸಿದಾಗ ಹೆಚ್ಚಿನವರು ಆ ತರಗತಿಗೆ ಸೇರಬೇಕಾದವರೇ ಆಗಿರಲಿಲ್ಲ. ಡಯಾನಾ ಪ್ರಕರಣವೆಂದು ಹೆಸರಾದ 1970ರ ಆ ಮೊಕದ್ದಮೆಯ ನಂತರ ಮಗುವನ್ನು ಅದರ ಮನೆಮಾತಿನಲ್ಲೇ ಪರೀಕ್ಷಿಸಬೇಕೆಂಬ ನಿಯಮ ಗಟ್ಟಿಯಾಯಿತು. ನಮ್ಮೂರುಗಳಲ್ಲಿ ಮನೆಯಲ್ಲಿ ಲಂಬಾಣಿ, ಉರ್ದು, ತುಳು ಆಡುವ ಮಗು ಶಾಲೆಯಲ್ಲಿ ಕನ್ನಡದಲ್ಲಿ ಕಲಿತು ಇಂಗ್ಲಿಷಿನಲ್ಲಿ ಓದಬೇಕಾಗಿರುವಾಗ, ಈ ಪ್ರಶ್ನೆಯನ್ನು ಅಲ್ಲಿ ಯಾರಾದರೂ ಎತ್ತಲೇಬೇಕು.

ಶಾಲೆಯಲ್ಲೇ, ಅದೂ ನಮ್ಮ ಶಾಲೆಗಳಲ್ಲಿ, ಇರಬೇಕೆಂಬುದು ನಿಮ್ಮ ಆಸೆಯಾದರೆ ಇಲ್ಲಿಗೆ ಬರಬೇಡಿ ಎಂಬುದೇ ನನ್ನ ಸಲಹೆ. ಇಲ್ಲಿನ ಪದವಿ ಇಲ್ಲಿನ ಕಾನೂನಿಗೆ, ಇಲ್ಲಿನ ಪರೀಕ್ಷಾ ಸಾಧನಗಳಿಗೆ ಹೊಲಿದ ಅಂಗಿ. ಇಂಟರ್ನ್‌ಶಿಪ್ಪಿನ ಕಲ್ಪನೆಯನ್ನು ಮಾತ್ರ ಅಲ್ಲಿಗೆ ಒಯ್ಯಬಹುದು, ಅದಕ್ಕೆ ವೀಸಾ ಬೇಡ.

ತುಂಗಾತೀರ

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಅಮೆರಿಕದ ಯೋಚನೆಯನ್ನು ಬಿಟ್ಟಿದ್ದೇನೆ. ಈ ವರ್ಷ ಮೈಸೂರಿನ ಡಿಪ್ಲೊಮಾಕ್ಕೆ ಅರ್ಜಿ ಹಾಕಿ, ಜೊತೆಗೆ ತಿಂಗಳಿಗೆ ಎರಡು ಸಲ ಕೇಸುಗಳನ್ನು ಕೇಳಲು ಒಪ್ಪುವ ಹಿರಿಯರೊಬ್ಬರನ್ನು ಹುಡುಕಿ, ಪಿಎಚ್.ಡಿ.ಯನ್ನು ಅದರ ನಂತರಕ್ಕೆ ಇಟ್ಟುಕೊಳ್ಳುತ್ತೇನೆ. ರಿಜಿಸ್ಟರಿನ ವಿಷಯದಲ್ಲಿ ಮುಖ್ಯೋಪಾಧ್ಯಾಯರು ಒಪ್ಪಿದರು, ಬೀರುವಿಗೆ ಬೀಗವನ್ನೂ ಕೊಡಿಸಿದರು.

ಧಾರವಾಡದ ಸರ್, ನಿಮ್ಮ ಪ್ರಶ್ನೆಯನ್ನು ಹತ್ತನೆಯ ತರಗತಿಯ ಮಕ್ಕಳಿಗೇ ಕೇಳಿದೆ. "ತಲೆಬಿಸಿ" ಅಂದವರು ಬಹಳ ಮಂದಿ. ಒಬ್ಬ ಹುಡುಗ ಬರೆದದ್ದು: "ಮಳೆ ಹಿಡಿದ ಹಾಗೆ ಆಗುತ್ತದೆ, ಬಿಡುವುದೇ ಇಲ್ಲ."

ಸಂಪಿಗೆ ಮೇಡಂ, ಒಂದು ಅವಸರದ ಪ್ರಶ್ನೆ. ಆ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಓದಿನ ಮೌಲ್ಯಮಾಪನಕ್ಕೆ ಅವಳನ್ನೂ ಅವಳ ತಾಯಿಯನ್ನೂ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕೆಂದಿದ್ದೇನೆ. ಏನೇನು ತೆಗೆದುಕೊಂಡು ಹೋಗಬೇಕು?

ಸಂಪಿಗೆ

ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿ, ಅದರ ಚೀಟಿ ಇಲ್ಲದೆ ಹೋದರೆ ಮತ್ತೊಂದು ದಿನ ಬರಲು ಹೇಳುತ್ತಾರೆ. ಹಿಂದಿನ ಮೂರು ನಾಲ್ಕು ವರ್ಷಗಳ ಅಂಕಪಟ್ಟಿ, ಅವಳ ಕೈಬರಹವಿರುವ ಕನ್ನಡ ಮತ್ತು ಇಂಗ್ಲಿಷ್ ನೋಟ್‌ಬುಕ್ಕುಗಳು (ತಿದ್ದಿ ಬರೆಸಿದ್ದಲ್ಲ, ಅವಳೇ ಬರೆದದ್ದು), ಹಾಜರಾತಿಯ ವಿವರ, ತರಗತಿಯ ಶಿಕ್ಷಕರ ಒಂದು ಪುಟದ ಟಿಪ್ಪಣಿ ಇರಲಿ. ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ಮಾತು ಕಲಿತದ್ದು ಯಾವಾಗ, ಶಾಲೆ ಬದಲಾಗಿತ್ತೇ ಎಂಬುದನ್ನು ತಾಯಿಯಿಂದ ಕೇಳಿ ಬರೆದುಕೊಳ್ಳಿ. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಅದನ್ನು ಸಾಮಾನ್ಯವಾಗಿ ನಿಮ್ಹಾನ್ಸ್ ಬ್ಯಾಟರಿ ಎಂಬ ಪರೀಕ್ಷೆಗಳ ಗುಚ್ಛದಿಂದ ಪರೀಕ್ಷಿಸುತ್ತಾರೆ. ಪ್ರಮಾಣಪತ್ರ ಸಿಕ್ಕರೆ ಎಸ್‌ಎಸ್‌ಎಲ್‌ಸಿ ಅರ್ಜಿ ತುಂಬುವ ಮೊದಲೇ ಅದು ಶಾಲೆಯ ಕೈಸೇರಬೇಕು, ಆದ್ದರಿಂದ ತಡಮಾಡಬೇಡಿ. ಈ ನಡುವೆ ರಾತ್ರಿ ಹೊತ್ತಿನಲ್ಲಿ ಅವಳಿಗಾಗಲಿ ತಾಯಿಗಾಗಲಿ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಮತ್ತೆ, ಹೊರಡುವ ದಿನ ಸೋಮವಾರ ಬೇಡ. ಅವಳು ಸೋಮವಾರ ತರಗತಿಯಲ್ಲೇ ಇರಲಿ, ನೀವು ಹಿಂದಿನ ಬೆಂಚಿನಲ್ಲಿರಿ.